ಫಲಾನಿಕೊ ನೀರು ಕದ್ದ ವರ್ಷ

ಎಸೇತಾ ಫಲಾನಿಕೊನನ್ನು ಮೊದಲು ನೋಡಿದ್ದು ಒಂದು ಮಂಗಳವಾರ. ಬೆಳಗಿನ ಬಸ್ಸು ಹೋದ ಮೇಲೆ, ಬಿಸಿಲು ಅವಳ ಮನೆಯ ಎರಡನೆಯ ಕಂಬಕ್ಕೆ ಬರುವ ಮೊದಲು. ಅವಳು ಕೇದಗೆಯ ಎಲೆ ಸೀಳುತ್ತ ಕೂತಿದ್ದಳು. ಬೆರಳಗಲದಲ್ಲಿ ಹದಿನಾಲ್ಕು ಎಳೆ ಬರಬೇಕು. ಹತ್ತು ಬಂದರೆ ಅದು ಮಲಗುವ ಚಾಪೆ. ಹದಿನಾಲ್ಕು ಬಂದರೆ ಮದುವೆಗೆ, ಸಾವಿಗೆ, ಪಟ್ಟ ಕಟ್ಟುವುದಕ್ಕೆ ಕೊಡುವ ನಯಚಾಪೆ. ಅದನ್ನು ಮುಗಿಸಲು ಎರಡು ವರ್ಷ ಹಿಡಿಯುತ್ತದೆ. ಗಂಡ ಹೋದ ಮೇಲೆ ಅವಳ ಕೈಯಲ್ಲಿ ಉಳಿದ ವಿದ್ಯೆ ಅದೊಂದೇ. ಓದುಬರಹವೆಂದರೆ ಚರ್ಚಿನ ಪುಸ್ತಕದಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಹುಡುಕುವಷ್ಟು.

ದಾರಿಯಲ್ಲಿ ಬನ್ನಿನ ಬುಟ್ಟಿಯನ್ನು ಹೆಗಲಿಗೇರಿಸಿಕೊಂಡು ಒಬ್ಬ ದಪ್ಪ ಗಂಡಸು ಬರುತ್ತಿದ್ದ. ಅವಳ ಕೋಳಿಯೊಂದು ಅವನ ಕಾಲಿಗೆ ಅಡ್ಡ ಬಂತು. ಅವನು ನಿಂತ, ಬುಟ್ಟಿ ಇಳಿಸಿದ, ಕೋಳಿಗೆ "ತಪ್ಪಾಯ್ತು ಕಣಮ್ಮಾ, ನೋಡ್ಲಿಲ್ಲ" ಎಂದ. ಕೋಳಿ ಹೋಯಿತು. ಅದು ಹೋದ ಕಡೆಗೆ ಇನ್ನೊಂದು ಸಲ ನೋಡಿ, ಅದು ಕುಂಟುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಬುಟ್ಟಿ ಎತ್ತಿದ.

"ಯಾರಪ್ಪಾ ನೀನು?" ಎಂದಳು ಎಸೇತಾ.

"ಸಿಲಿವಾ ಗಂಡ."

"ಅದು ಸಿಲಿವಾ ಹೆಸರಾಯ್ತು. ನಿಂದು?"

"ಫಲಾನಿಕೊ ಅಂತ. ಯಾರೂ ಕರೆಯಲ್ಲ ಅಕ್ಕಾ, ನೀವು ನೆನಪಿಟ್ಕೊಳ್ಳದಿದ್ರೂ ನಡಿಯುತ್ತೆ."

ಅವನು ಹೇಳಿದ್ದು ನಿಜವೇ ಆಗಿತ್ತು. ಫಾಗಾಸೀ ಊರಿನಲ್ಲಿ ಹೆಂಡತಿಯ ಮನೆಗೆ ಬಂದು ಇರುವ ಗಂಡಿಗೆ ಹೆಸರಿನ ಉಪಯೋಗ ಕಡಿಮೆ. ಅವನು ಎಲ್ಲರಿಗಿಂತ ಮೊದಲು ಏಳಬೇಕು, ಕಲ್ಲೊಲೆ ಹೊತ್ತಿಸಬೇಕು, ಎಲ್ಲರೂ ಉಂಡ ಮೇಲೆ ಉಣ್ಣಬೇಕು. ಫಲಾನಿಕೊ ಇದಿಷ್ಟನ್ನೂ ಮಾಡಿ, ಅದರ ಮೇಲೆ ಊರಿಗೆಲ್ಲ ಬನ್ನು ಸುಡುತ್ತಿದ್ದ. ಹನ್ನೊಂದು ವರ್ಷ ಹಾಗೆ ಕಳೆಯಿತು. ಈ ಹನ್ನೊಂದು ವರ್ಷದಲ್ಲಿ ಅವನು ಆಸೆಪಟ್ಟದ್ದು ಒಂದೇ ಒಂದು: ಮಾವ ವಾಲೂಸಾನ ಮನೆಯಲ್ಲಿ ಒಂದು ಕಂಬ.

ಇದನ್ನು ಬಿಡಿಸಿ ಹೇಳಬೇಕು. ಗೋಡೆಯಿಲ್ಲದ ಆ ದೊಡ್ಡ ಮನೆಯಲ್ಲಿ ಸಭೆ ಕೂಡಿದಾಗ ಪಟ್ಟವಿದ್ದವರು ಮಾತ್ರ ಕಂಬಕ್ಕೆ ಒರಗಿ ಕೂರುತ್ತಾರೆ. ಯಾರಿಗೆ ಯಾವ ಕಂಬ ಎಂಬುದು ಅಜ್ಜಂದಿರ ಕಾಲದಿಂದ ನಿಶ್ಚಯವಾದದ್ದು. ಉಳಿದವರು ಹೊರಗೆ ಹುಲ್ಲಿನ ಮೇಲೆ. ವಾಲೂಸಾನ ಚಿಕ್ಕಪ್ಪ ತೀರಿಕೊಂಡ ಮೇಲೆ ಹಿಂಬದಿಯ ಮೂರನೆಯ ಕಂಬ ಖಾಲಿ ಬಿದ್ದಿತ್ತು. ಸಣ್ಣ ಪಟ್ಟ, ಗೆದ್ದಲು ಹಿಡಿದ ಕಂಬ, ಮಳೆ ಬಂದರೆ ಬೆನ್ನು ನೆನೆಯುವ ಜಾಗ. ಫಲಾನಿಕೊ ಬನ್ನು ಹಂಚುತ್ತ ಆ ಕಂಬದ ಹತ್ತಿರ ಬಂದಾಗ ಕಾಲನ್ನು ಸ್ವಲ್ಪ ನಿಧಾನ ಮಾಡುತ್ತಿದ್ದ.

ಆ ಹನ್ನೊಂದನೆಯ ವರ್ಷ ಸ್ವಾತಂತ್ರ್ಯದ ಹಬ್ಬಕ್ಕೆ ಜಿಲ್ಲೆಯ ಊರೂರುಗಳ ನಡುವೆ ನಾಟಕದ ಪಂದ್ಯವಿಟ್ಟರು. ಶಾಲೆಯ ಮೇಷ್ಟ್ರು ಫೆರೇತಿ ಒಂದು ಆಟ ಬರೆದರು. ಒಂದು ಊರು, ಊರಿಗೊಂದೇ ನೀರಿನ ಊಟೆ, ಅದರ ಪಕ್ಕದಲ್ಲಿ ಒಬ್ಬ ಬಡ ಮುದುಕಿ. ಒಬ್ಬ ದುಷ್ಟ ಬಂದು ಊಟೆಗೆ ಅಡ್ಡಗಟ್ಟೆ ಹಾಕಿ ನೀರನ್ನೆಲ್ಲ ತನ್ನ ಕಡೆಗೆ ತಿರುಗಿಸಿಕೊಳ್ಳುತ್ತಾನೆ. ಮುದುಕಿ ಬಾಯಾರಿ ಸಾಯುತ್ತಾಳೆ. ಊಟೆಯೆಂದರೆ ಏಳು ಗಜದ ನೀಲಿ ಬಟ್ಟೆ. ಆಚೆಗೊಬ್ಬರು ಈಚೆಗೊಬ್ಬರು ಹಿಡಿದು ಅಲ್ಲಾಡಿಸುವುದು.

ಮುದುಕಿಯ ಪಾತ್ರಕ್ಕೆ ಲೇಪೇಕಾ ತಾನಾಗಿ ಎದ್ದು ನಿಂತಳು. ಅವಳಿಗೆ ಆಗ ನಲವತ್ತಾರು, ಹಂದಿಯನ್ನು ಒಬ್ಬಳೇ ಹೊರುವ ಹೆಂಗಸು, ಆದರೆ ಅಳುವುದರಲ್ಲಿ ಊರಿಗೇ ಮುಂದು. ಕಾವಲುಗಾರರು ಸಿಕ್ಕರು, ತಮಟೆಯವನು ಸಿಕ್ಕ, ನೀರು ಅಲ್ಲಾಡಿಸುವವರೂ ಸಿಕ್ಕರು. ದುಷ್ಟನೊಬ್ಬನೇ ಸಿಗಲಿಲ್ಲ.

"ನಮ್ಮ ಮನೆ ಹುಡುಗ ಹತ್ತೂರ ಮುಂದೆ ನೀರುಗಳ್ಳ ಆಗೋದಾ? ಮೊಮ್ಮಕ್ಕಳ ಕಾಲಕ್ಕೂ ಆಡ್ಕೋತಾರೆ" ಎಂದು ಒಂದು ಮನೆಯವರು.

"ನಮ್ಮ ಹುಡುಗಂಗೆ ಮದುವೆ ಮಾತು ನಡೀತಿದೆ" ಎಂದು ಇನ್ನೊಂದು ಮನೆಯವರು.

ಕೊನೆಗೆ ವಾಲೂಸಾ ಗಂಟಲು ಸರಿಮಾಡಿಕೊಂಡ. ಅವನು ಊರಿನ ಮಾತುಗಾರ, ಸಭೆಯಲ್ಲಿ ಊರಿನ ಪರವಾಗಿ ಮಾತಾಡುವವನು. ಗಂಟಲು ಸರಿಮಾಡಿಕೊಳ್ಳುವುದಕ್ಕೇ ನಾಲ್ಕು ನಿಮಿಷ ಬೇಕು. "ನಮ್ಮ ಅಳಿಯ ಇದ್ದಾನಲ್ಲ. ಅವನ ಮನೆತನ ಇರೋದು ಕಡಲಾಚೆ, ಉಪೋಲು ದ್ವೀಪದಲ್ಲಿ. ಅವಮಾನ ದೋಣಿ ಹತ್ತಿ ಅಲ್ಲಿಗೆ ಹೋಗೋ ಹೊತ್ತಿಗೆ ಎಲ್ಲ ಮರ್ತಿರ್ತಾರೆ."

ಎಲ್ಲರೂ ಒಪ್ಪಿದರು. ಆಮೇಲೆ ವಾಲೂಸಾ ಅಳಿಯನನ್ನು ಬಾಳೆಗಿಡದ ಹಿಂದೆ ಕರೆದು, "ಹಬ್ಬ ಕಳೆದು ಮೂರನೇ ಶನಿವಾರ ಮನೆತನದ ಸಭೆ ಇದೆ. ಮೂರನೇ ಕಂಬದ ಮಾತು ಬರುತ್ತೆ. ಊರು ಗೆಲ್ಲೋ ಹಾಗೆ ಮಾಡು, ನೋಡೋಣ" ಎಂದ. ಆ ಸಂಜೆ ಫಲಾನಿಕೊ ಸುಟ್ಟ ಬನ್ನುಗಳಿಗೆಲ್ಲ ಎರಡು ಸಲ ಸಕ್ಕರೆ ಬಿದ್ದಿತ್ತು. ಎಸೇತಾ ತಿಂದು ನೋಡಿದ್ದಾಳೆ.

ತಾಲೀಮು ಶುರುವಾಯಿತು. ಫಲಾನಿಕೊ ಇದ್ದಿಲಿನಿಂದ ಹುಬ್ಬು ದಪ್ಪ ಮಾಡಿಕೊಂಡು, ಹಲ್ಲು ಕಡಿದು, "ಹಾ ಹಾ, ನಾನು ದುಷ್ಟ!" ಎಂದು ಕೂಗಿದ. ಮಕ್ಕಳು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕರು. ಮುದುಕಿಯ ಕೈಯಿಂದ ನೀರು ಕುಡಿಯುವ ತೆಂಗಿನ ಚಿಪ್ಪು ಕಿತ್ತುಕೊಳ್ಳುವ ಜಾಗ ಬಂದಾಗ ಮೊದಲು "ಕ್ಷಮಿಸಿ" ಎಂದ.

"ಲೋ, ಕಳ್ಳ ಕ್ಷಮೆ ಕೇಳಲ್ಲ ಕಣೋ!" ಎಂದರು ಫೆರೇತಿ ಮೇಷ್ಟ್ರು.

"ಕೇಳಿದ್ನಾ? ಕ್ಷಮಿಸಿ."

ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಮೇಷ್ಟ್ರು ತಲೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ತಾಲೀಮನ್ನು ಅರ್ಧಕ್ಕೇ ನಿಲ್ಲಿಸಿದರು. ಫಲಾನಿಕೊ ಹುಬ್ಬಿನ ಮಸಿಯನ್ನೂ ಒರೆಸದೆ ಎಸೇತಾಳ ಮನೆಗೆ ಬಂದು, ಅಪ್ಪಣೆ ಕೇಳಿ, ಚಪ್ಪಲಿ ಬಿಟ್ಟು, ಅಂಚಿನಲ್ಲಿ ಕೂತ.

"ಅಕ್ಕಾ, ನನ್ನ ಕೈಲಿ ಆಗಲ್ಲ. ನಾನು ಕೆಟ್ಟೋನನ್ನ ಹತ್ರದಿಂದ ನೋಡೇ ಇಲ್ಲ. ನೀವು ನೋಡಿದೀರಾ?"

ಎಸೇತಾ ಕೈಯಲ್ಲಿದ್ದ ಸಾಲನ್ನು ಮುಗಿಸಿದಳು. ಸಾಲಿನ ನಡುವೆ ಅವಳು ಮಾತಾಡುವುದಿಲ್ಲ, ಎಳೆ ತಪ್ಪುತ್ತದೆ. ಮುಗಿಸಿದ ಮೇಲೆ ಹೇಳಿದಳು.

"ನನ್ನ ಗಂಡನ ಅಣ್ಣನ್ನ ನೋಡಿದೀನಿ. ಗಂಡ ಸತ್ತ ಒಂಬತ್ತನೇ ದಿನ ಬಂದ. ಸೂರಿನಲ್ಲಿ ಮೂರು ತೂತಿತ್ತು. ಎರಡು ಮುಚ್ಚಿದ."

"ಮೂರನೇದು?"

"ಬಿಟ್ಟ. ಮತ್ತೆ ಬರೋಕೆ ಒಂದು ಕಾರಣ ಬೇಕಲ್ಲ. ಬಂದಾಗೆಲ್ಲ ದೀವಿಹಲಸು ತಂದ. ನನ್ನ ಮರದ್ದೇ. ಹತ್ತಿ ಕಿತ್ತು ಸುಟ್ಟು, ಬಿಸಿ ಆರಿಸಿ ತಂದ. ಒಂದು ದಿನಾನೂ ದನಿ ಏರಿಸಲಿಲ್ಲ. ಬೇಲಿ ಕಲ್ಲು ಸರಿಸೋ ದಿನ ನನ್ನನ್ನೇ ಕರೆದು, ಎಸೇತಾ, ದಾರದ ಈ ತುದಿ ಹಿಡ್ಕೋ, ನಿನ್ನ ಹಾಗೆ ನೆಟ್ಟಗೆ ಹಿಡಿಯೋರು ಇನ್ಯಾರಿದಾರೆ ಅಂದ. ಹಿಡ್ಕೊಂಡೆ. ಹನ್ನೆರಡು ಮರ ಆಚೆಗೆ ಹೋಯ್ತು. ದಾರ ಮಾತ್ರ ನೆಟ್ಟಗಿತ್ತು."

ಫಲಾನಿಕೊನ ಬಾಯಿ ತೆರೆದೇ ಇತ್ತು. "ತಾನು ಕೆಟ್ಟೋನು ಅಂತ ಅವನಿಗೆ ಗೊತ್ತಿತ್ತಾ?"

"ಅವನಿಗಾ? ನನಗೆ ಉಪಕಾರ ಮಾಡ್ದೆ ಅಂದ್ಕೊಂಡೇ ಸತ್ತ. ಅಂಗಳ ಚಿಕ್ಕದಾದ್ರೆ ಗುಡಿಸೋ ಕೆಲಸ ಕಮ್ಮಿ ಅಂತ. ಕೊನೆಗೆ ನಾನು ಬಂದು ಥ್ಯಾಂಕ್ಸ್ ಹೇಳಲಿಲ್ಲ ಅಂತ ಅವನಿಗೆ ಬೇಜಾರಿತ್ತಂತೆ."

"ನಿಮಗೆ ಸಿಟ್ಟು ಬರ್ಲಿಲ್ವಾ?"

"ಬಂತು. ಆರು ವರ್ಷ ತಡವಾಗಿ ಬಂತು. ಅವನು ಎದುರಿಗಿದ್ದಾಗ ಸಿಟ್ಟು ಬರೋದಕ್ಕೆ ಅವನು ಜಾಗಾನೇ ಕೊಡ್ಲಿಲ್ಲ. ನೀನು ಆ ಹುಬ್ಬು ತೊಳ್ಕೊ. ಹುಬ್ಬು ನೋಡಿದ ಕೂಡ್ಲೇ ಜನ ಹುಷಾರಾಗ್ತಾರೆ. ನೀನು ಕೋಳಿಗೆ ಹ್ಯಾಗೆ ಮಾತಾಡ್ತೀಯೋ ಹಾಗೇ ಮುದುಕಿಗೂ ಮಾತಾಡು. ನೀರು ಮಾತ್ರ ಬಿಡಬೇಡ."

ಅವನು ಮಸಿ ತೊಳೆದುಕೊಳ್ಳಲು ಅವಳ ಮನೆಯ ನೀರನ್ನೇ ಕೇಳಿದ. ಒಂದು ಚೊಂಬು ಕೊಟ್ಟಳು.

ಹಬ್ಬದ ದಿನ ಜಿಲ್ಲೆಯ ಮೈದಾನದಲ್ಲಿ ಎಂಟು ಊರಿನ ಜನ ಕೂತಿದ್ದರು. ಮಧ್ಯಾಹ್ನ ಎರಡರ ಸುಮಾರಿಗೆ ಫಾಗಾಸೀಯ ಸರದಿ. ಲೇಪೇಕಾ ಕೋಲೂರಿ ಬಂದು ನೀಲಿ ಬಟ್ಟೆಯ ಪಕ್ಕ ಕೂತಳು. ಫಲಾನಿಕೊ ಬಂದ. ಹುಬ್ಬಿಗೆ ಮಸಿಯಿಲ್ಲ, ಹಲ್ಲು ಕಡಿಯುವುದಿಲ್ಲ, ತೊಳೆದು ಮಡಿಸಿದ ಪಂಚೆ, ಕೈಯಲ್ಲಿ ಒಂದು ಬನ್ನು. ಮುದುಕಿಯ ಗುಡಿಸಿಲಿನ ಸೂರಿಗೆ ಎರಡು ಗರಿ ಕಟ್ಟಿದ. ಅವಳ ಸೊಂಟನೋವು ವಿಚಾರಿಸಿದ. ಬನ್ನನ್ನು ಮುರಿದು, ಹಲ್ಲಿಲ್ಲದವಳಿಗೆಂದು ಮೆತ್ತನೆಯ ತಿರುಳನ್ನು ಅವಳಿಗೆ ಕೊಟ್ಟು ಗಟ್ಟಿ ಸಿಪ್ಪೆಯನ್ನು ತಾನು ತಿಂದ. ಆಮೇಲೆ ದಾರದ ಒಂದು ತುದಿಯನ್ನು ಅವಳ ಕೈಗೆ ಕೊಟ್ಟು, "ಸ್ವಲ್ಪ ಹಿಡ್ಕೊಂಡಿರಮ್ಮಾ" ಎಂದು ಅಡ್ಡಗಟ್ಟೆಗೆ ಅಳತೆ ತೆಗೆದ. ಒಂದೊಂದೇ ಕಲ್ಲನ್ನು ಇಡುವ ಮೊದಲು ಮಣ್ಣು ಒರೆಸಿ ಇಟ್ಟ. ನೀರು ನಿಂತಿತು. ಲೇಪೇಕಾ ಖಾಲಿ ಚಿಪ್ಪು ಹಿಡಿದು ತೆವಳಿಕೊಂಡು ಬಂದಳು.

ಫಲಾನಿಕೊ ಅವಳ ಎದುರು ಕುಕ್ಕರಗಾಲಲ್ಲಿ ಕೂತು, ನಿಜವಾಗಿ ಕಣ್ಣೀರು ತುಂಬಿಕೊಂಡು, ಮೆಲ್ಲಗೆ ಹೇಳಿದ. ಅದು ಮೇಷ್ಟ್ರು ಬರೆದ ಮಾತಲ್ಲ.

"ನಾಳೆ ಬನ್ನಿ ಅಮ್ಮಾ. ಇವತ್ತು ನೀರಿಗೂ ಸುಸ್ತಾಗಿದೆ."

ಪಕ್ಕದ ಊರಿನ ಮುದುಕನೊಬ್ಬ ಎದ್ದು ಚಪ್ಪಲಿ ಎಸೆದ. ಅದು ತಮಟೆಯವನಿಗೆ ತಗುಲಿತು. ಹೆಂಗಸರು ಬಾಯಿಬಡಿದುಕೊಂಡು ಅತ್ತರು. ಎಸೇತಾ ತನ್ನ ಬಲಗೈ ಒಂದು ತೆಂಗಿನಕಾಯಿಯನ್ನು ಹಿಡಿದು ಮೇಲಕ್ಕೆತ್ತಿರುವುದನ್ನು ನೋಡಿ ಮೆಲ್ಲಗೆ ಕೆಳಗಿಟ್ಟಳು. ಹೇಳಿಕೊಟ್ಟವಳು ತಾನೇ ಎಂಬುದು ಅವಳಿಗೆ ಅಷ್ಟು ಹೊತ್ತು ಮರೆತೇ ಹೋಗಿತ್ತು.

ಫಾಗಾಸೀಗೆ ಮೊದಲನೆಯ ಬಹುಮಾನ ಬಂತು, ಒಂದು ದೊಡ್ಡ ಗೋಡೆ ಗಡಿಯಾರ. ಗೋಡೆಯಿರುವ ಮನೆ ಊರಲ್ಲಿ ಪಾದ್ರಿಯದೊಂದೇ, ಆದರೆ ಗಡಿಯಾರವನ್ನು ವಾಲೂಸಾ ತನ್ನ ಮನೆಯ ಕಂಬಕ್ಕೆ ಕಟ್ಟಿಸಿದ.

ಮಾರನೆಯ ದಿನ ಬುಟ್ಟಿ ತುಂಬ ಬನ್ನು ಹೊತ್ತು ಹೋದ ಫಲಾನಿಕೊ ಬುಟ್ಟಿ ತುಂಬ ಬನ್ನು ಹೊತ್ತು ಹಿಂದಕ್ಕೆ ಬಂದ.

ಯಾರೂ ಅವನನ್ನು ಬಯ್ಯಲಿಲ್ಲ. ಅವನು "ಸೊಂಟ ಹ್ಯಾಗಿದೆ ಅಮ್ಮಾ" ಎಂದು ಕೇಳಿದ ಕೂಡಲೇ ಮುದುಕಿಯರು ಎದ್ದು ಒಳಗೆ ಹೋದರು. ಅವನು ದಾಟಿಹೋದ ಮೇಲೆ ನಲ್ಲಿ ತಿರುಗಿಸಿ ನೀರು ಬರುತ್ತದೆಯೇ ಎಂದು ನೋಡಿದರು. ಒಂದು ಮನೆಯವರು ಅವನ ಕೈಯಿಂದ ಸೂರಿನ ಗರಿ ಕಟ್ಟಿಸಿಕೊಂಡಿದ್ದರು, ಅದನ್ನು ಬಿಚ್ಚಿ ಬೇರೆ ಕಟ್ಟಿದರು. ಅವನ ಮೆತ್ತಗಿನ ಮಾತು, ಅವನ ವಿನಯ, ಅವನು ಕೋಳಿಗೆ ದಾರಿ ಬಿಡುವುದು, ಇಷ್ಟು ವರ್ಷ ಯಾರೂ ಗಮನಿಸದೆ ಇದ್ದದ್ದೆಲ್ಲ ಈಗ ಒಂದೊಂದಾಗಿ ಊರಿಗೆ ಅರ್ಥವಾಗತೊಡಗಿತು.

"ಹನ್ನೊಂದು ವರ್ಷದಿಂದ ಹೊಂಚು ಹಾಕ್ತಿದ್ದ ನೋಡು" ಎಂದರು.

"ಏನಕ್ಕೆ?"

"ಅದೇ ಗೊತ್ತಾಗ್ತಿಲ್ವಲ್ಲ. ಅಷ್ಟು ಹುಷಾರು ಅವನು."

ಇತ್ತ ಲೇಪೇಕಾ ಕೋಲನ್ನು ಕೆಳಗಿಡಲೇ ಇಲ್ಲ. ಊರಿನವರು ಅವಳಿಗೆ ಕೆಸುವಿನ ಗೆಡ್ಡೆ, ತೆಂಗಿನ ಹಾಲಲ್ಲಿ ಬೇಯಿಸಿದ ಕೆಸುವಿನ ಎಲೆ, ಡಬ್ಬಿ ಮೀನು ತಂದು ಕೊಟ್ಟರು. ಎಲ್ಲಕ್ಕಿಂತ ಹೆಚ್ಚಾಗಿ ನೀರು ತಂದರು. ಅವಳ ಮನೆಯ ಸುತ್ತ ಹದಿನೇಳು ಕೊಡ ಸಾಲಾಗಿ ನಿಂತವು. ಅವಳು ಎಲ್ಲರೂ ನೋಡುವಂತೆ ಒಂದೊಂದು ಗುಟುಕು ಕುಡಿದು, "ದೇವರು ಒಳ್ಳೇದು ಮಾಡ್ಲಿ" ಎನ್ನುವಳು.

ಎರಡು ವಾರ ಕಳೆದವು. ವಾಲೂಸಾ ಅಳಿಯನನ್ನು ಮತ್ತೆ ಬಾಳೆಗಿಡದ ಹಿಂದೆ ಕರೆದ. "ಕಂಬದ ಮಾತು ಈ ವರ್ಷ ಬೇಡ ಬಿಡು. ನನ್ನ ಅಣ್ಣತಮ್ಮಂದಿರು ನೀನು ಹತ್ರ ಬಂದ್ರೆ ಲೋಟ ಮುಚ್ಕೋತಾರೆ. ನಾನೂ ಒಂದ್ಸಲ ಮುಚ್ಕೊಂಡೆ, ಗೊತ್ತಾಗ್ದೆ."

ಫಲಾನಿಕೊ ಎಸೇತಾಳ ಮನೆಗೆ ಬಂದು ಕೂತ. ಅಳಲಿಲ್ಲ. ಅತ್ತರೆ ಅದೂ ಆಟದ ಹಾಗೆ ಕಾಣುತ್ತದೆ ಎಂಬ ಭಯ. "ಅಕ್ಕಾ, ಇಲ್ಲದ ಊಟೆ ಕದ್ದೋನು ಅದನ್ನ ವಾಪಸ್ ಕೊಡೋದು ಹ್ಯಾಗೆ?"

ಎಸೇತಾ ಸಾಲು ಮುಗಿಸಿದಳು. "ಹತ್ತು ಜನರ ಮುಂದೆ ಮಾಡಿದ್ದನ್ನ ಹತ್ತು ಜನರ ಮುಂದೇನೇ ಕಳೀಬೇಕು. ಚಾಪೆ ಹೊದ್ಕೊಂಡು ಕೂರು."

ತಪ್ಪು ಮಾಡಿದ ಕಡೆಯವರು ಬೆಳಕು ಹರಿಯುವಾಗ ನೊಂದವರ ಮನೆ ಮುಂದೆ ಹೋಗಿ, ತಲೆಯ ಮೇಲೆ ನಯಚಾಪೆ ಹೊದ್ದು, ಮುಂದೆ ಸೌದೆ ಮತ್ತು ಒಲೆಕಲ್ಲು ಇಟ್ಟುಕೊಂಡು ತಲೆ ತಗ್ಗಿಸಿ ಕೂರುವುದು ಅಲ್ಲಿಯ ಪದ್ಧತಿ. ಸೌದೆ ಮತ್ತು ಕಲ್ಲು ಯಾಕೆಂದರೆ, ಬೇಕಾದರೆ ನಮ್ಮನ್ನೇ ಬೇಯಿಸಿಕೊಳ್ಳಿ ಎಂದು. ಮನೆಯವರು ಬಂದು ಚಾಪೆ ಎತ್ತಿದರೆ ಎಲ್ಲ ಮುಗಿಯಿತು, ಮತ್ತೆ ಆ ಮಾತನ್ನು ಯಾರೂ ಎತ್ತುವಂತಿಲ್ಲ. ಎತ್ತುವವರೆಗೆ ಏಳುವಂತಿಲ್ಲ. ಇದು ಕೊಲೆಗೆ, ಹೊಡೆದಾಟಕ್ಕೆ ಇರುವ ಪದ್ಧತಿ. ನಾಟಕಕ್ಕೆ ಕೂತವರು ಅಲ್ಲಿಯವರೆಗೆ ಇರಲಿಲ್ಲ. ಮನೆತನದ ಹಿರಿಯನೇ ಕೂರಬೇಕು ಎಂಬುದೂ ಉಂಟು. ವಾಲೂಸಾ ಖಡಾಖಂಡಿತವಾಗಿ ಒಲ್ಲೆನೆಂದ. "ಇವತ್ತು ಆಟಕ್ಕೆ ಕೂತ್ರೆ, ನಾಳೆ ನಾನು ಯಾರದೋ ಕನಸಲ್ಲಿ ಮಾಡಿದ್ದಕ್ಕೂ ಕೂರಬೇಕಾಗುತ್ತೆ."

ಮೂರನೆಯ ಶನಿವಾರ, ಸಭೆಯ ದಿನವೇ, ಫಲಾನಿಕೊ ಎಸೇತಾಳ ಚಾಪೆ ಹೊದ್ದು ಲೇಪೇಕಾಳ ಅಂಗಳದಲ್ಲಿ ಒಬ್ಬನೇ ಕೂತ. ಬನ್ನಿನ ಒಲೆಯ ಒಣಸೌದೆಯನ್ನೇ ತಂದಿದ್ದ, ಚೆನ್ನಾಗಿ ಹತ್ತಿಕೊಳ್ಳಲಿ ಎಂದು.

ಲೇಪೇಕಾ ಎದ್ದು ನೋಡಿದಳು. ಚಾಪೆ ಎತ್ತಿದರೆ ಕೊಡಗಳು ನಿಲ್ಲುತ್ತವೆ, ಕೆಸುವಿನ ಎಲೆ ನಿಲ್ಲುತ್ತದೆ. ಅವಳು ಆ ಕಡೆಯ ಗರಿಯ ಪರದೆಯನ್ನು ಇಳಿಸಿದಳು. ಸ್ವಲ್ಪ ಹೊತ್ತಿನ ಮೇಲೆ ಪಕ್ಕದ್ದನ್ನೂ ಇಳಿಸಿದಳು. ಅವಳ ಗಂಡ ಹೊರಗೆ ಬಂದು, "ಅವಳು ಇನ್ನೂ ದುಃಖದಲ್ಲಿದ್ದಾಳೆ" ಎಂದು ಹೇಳಿ ಒಳಗೆ ಹೋದ. ಒಳಗಿನಿಂದ ಡಬ್ಬಿ ತೆರೆಯುವ ಸದ್ದು ಬಂತು.

ಹತ್ತು ಗಂಟೆಗೆ ಬಿಸಿಲೇರಿತು. ಜನ ಸೇರಿದರು. ಎಸೇತಾ ನೋಡುತ್ತ ನಿಂತಿದ್ದಳು. ಅವಳು ಆತುರದ ಹೆಂಗಸಲ್ಲ, ಹನ್ನೊಂದರವರೆಗೆ ನಿಂತಳು. ಆಮೇಲೆ ಅಂಗಳ ದಾಟಿ ಹೋಗಿ ಚಾಪೆಯ ಅಂಚೆತ್ತಿ ಒಳಗೆ ತಲೆ ಹಾಕಿದಳು.

"ಜರುಗು."

"ಯಾರು?"

"ಎಸೇತಾ."

"ಅಕ್ಕಾ, ನೀವ್ಯಾಕೆ? ಕದ್ದೋನು ನಾನು."

"ಕದಿಯೋದು ಹ್ಯಾಗೆ ಅಂತ ಹೇಳಿಕೊಟ್ಟೋಳು ನಾನು. ಮೊಣಕಾಲು ತೆಗಿ, ಚಾಪೆ ಎಳೆ ಬಿಡುತ್ತೆ."

ಹೊರಗೆ ಫೆರೇತಿ ಮೇಷ್ಟ್ರ ದನಿ ಕೇಳಿಸಿತು. "ನೋಡ್ರಪ್ಪಾ, ಇದು ಬರೀ ಆಟ. ಊಟೆ ಇರ್ಲಿಲ್ಲ. ಮುದುಕಿ ಇರ್ಲಿಲ್ಲ. ನಾನೇ ಕೂತು ಬರೆದದ್ದು."

"ಓಹೋ, ನೀವಾ ಅವಳನ್ನ ಸಾಯಿಸ್ದೋರು?" ಎಂದು ಒಬ್ಬ ಹೆಂಗಸು ಕೇಳಿದಳು. "ಬದುಕಿಸೋಕೆ ಏನಾಗಿತ್ತು ನಿಮಗೆ? ಶಾಯಿ ಕಮ್ಮಿ ಆಗಿತ್ತಾ?"

ಗುಂಪು ಮೇಷ್ಟ್ರ ಕಡೆ ತಿರುಗಿತು. ಮೇಷ್ಟ್ರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಬಂದು ಚಾಪೆಯ ಕೆಳಗೆ ತಲೆ ತೂರಿಸಿದರು. "ಸ್ವಲ್ಪ ಜಾಗ ಕೊಡಿ" ಎಂದರು, ಯಾರ ಮುಖವನ್ನೂ ನೋಡದೆ.

ಆಮೇಲೆ ಕಾವಲುಗಾರರಿಬ್ಬರು ಬಂದರು; ಅವರು ಮುದುಕಿಯನ್ನು ತಳ್ಳಿದ್ದರು. ನೀಲಿ ಬಟ್ಟೆ ಅಲ್ಲಾಡಿಸುವುದನ್ನು ನಿಲ್ಲಿಸಿದ ಹುಡುಗಿಯರು ಬಂದರು. ಕಲ್ಲು ಆರಿಸಿ ತಂದುಕೊಟ್ಟವರು, ಸಾವಿಗೆ ತಮಟೆ ಬಡಿದವನು, ಆಟಕ್ಕೆ ಮೊದಲು ಪ್ರಾರ್ಥನೆ ಹೇಳಿದ ಚರ್ಚಿನ ಹಿರಿಯ. ಒಬ್ಬ ಮುದುಕ ಆಟದಲ್ಲಿ ಏನೂ ಮಾಡಿರಲಿಲ್ಲ, ಬರೀ ನೋಡಿ ಸುಮ್ಮನೆ ಕೂತಿದ್ದನಂತೆ, ಅದಕ್ಕೇ ಬಂದ. ಚಾಪೆಯ ಕೆಳಗೆ ತಲೆಗಳು ಮಾತ್ರ ಹಿಡಿದವು. ಮೈಗಳೆಲ್ಲ ಸುತ್ತ ಹೊರಗೆ ಚಾಚಿಕೊಂಡವು. ಎಸೇತಾ ಅಂಚಿನ ಸಂದಿಯಿಂದ ಕಾಲುಗಳನ್ನು ಎಣಿಸಿದಳು: ಮೂವತ್ತೇಳು. ತಮಟೆಯವನಿಗೆ ಒಂದೇ ಕಾಲು, ಹಾಗಾಗಿ ಹತ್ತೊಂಬತ್ತು ಜನ. ಲೆಕ್ಕ ಸರಿಯಿತ್ತು.

"ಯಾರೋ ಬೆಳ್ಳುಳ್ಳಿ ತಿಂದಿದೀರಾ" ಎಂದರು ಮೇಷ್ಟ್ರು ಕತ್ತಲಲ್ಲಿ.

"ಕ್ಷಮಿಸಿ" ಎಂದ ಫಲಾನಿಕೊ.

ಮೂರು ಗಂಟೆಗೆ ವಾಲೂಸಾನ ಮನೆಯ ಗಡಿಯಾರ ಹೊಡೆಯಿತು. ಸಭೆಗೆ ಹೊರಟ ಪಟ್ಟದವರೆಲ್ಲ ಆ ಅಂಗಳದ ಪಕ್ಕದಲ್ಲೇ ಹೋಗಬೇಕು. ಫಲಾನಿಕೊ ಅವರ ಕೋಲಿನ ಸದ್ದನ್ನು ಗುರುತಿಸಿದ. ಒಂದೊಂದು ಕೋಲು ದಾಟಿದಾಗಲೂ ಅವನ ಮೈ ಚೂರು ಕುಗ್ಗುವುದು ಎಸೇತಾಳ ಭುಜಕ್ಕೆ ತಿಳಿಯಿತು. ಏಳುವಂತಿಲ್ಲ. ಎದ್ದರೆ ಕ್ಷಮೆಯಿಲ್ಲ, ಕೂತರೆ ಕಂಬವಿಲ್ಲ.

ಊರಿನ ಉಳಿದವರು ಈಗ ಗುಸುಗುಸು ಬಿಟ್ಟು ಜೋರಾಗಿ ಮಾತಾಡುತ್ತಿದ್ದರು.

"ಎಂಥಾ ಕಲ್ಲೆದೆ ಇವಳದ್ದು! ಅವನು ಒಂದು ಮುದುಕಿಗೆ ನೀರು ಕೊಡ್ಲಿಲ್ಲ. ಇವಳು ಹತ್ತೊಂಬತ್ತು ಜನನ್ನ ಬಿಸಿಲಲ್ಲಿ ಒಣಗಿಸ್ತಿದಾಳೆ."

"ಹದಿನೇಳು ಕೊಡ ಇಟ್ಕೊಂಡು!"

ಪರದೆ ಸರ್ರನೆ ಮೇಲೇರಿತು. ಲೇಪೇಕಾ ಹೊರಗೆ ಬಂದಳು, ಕೋಲಿಲ್ಲದೆ. ಇಡೀ ಊರು ತನ್ನನ್ನು ನೋಡುವ ರೀತಿಯನ್ನು ಅವಳು ನೋಡಿದಳು. ಒಬ್ಬೊಬ್ಬರ ಮುಖವನ್ನೂ ಬಿಡದೆ ನೋಡಿದಳು. ಅಳುವವರನ್ನು ಅವಳು ಬೇಕಾದಷ್ಟು ನೋಡಿದ್ದಳು. ಹೀಗೆ ರೆಪ್ಪೆ ಬಡಿಯದೆ ನೋಡುವವರನ್ನು ನೋಡಿರಲಿಲ್ಲ. ಅವಳಿಗೆ ಅದು ರುಚಿಸಿತು. ಸುಮ್ಮನೆ, ಇನ್ನೂ ಸ್ವಲ್ಪ ಹೊತ್ತು ನಿಂತಳು.

"ಎತ್ತೇ!" ಎಂದು ಯಾರೋ ಕೂಗಿದರು.

"ಎತ್ತುತೀನಿ. ಮುಂದಿನ ವರ್ಷ ಕೆಟ್ಟೋಳ ಪಾತ್ರ ನಂದು. ಮೇಷ್ಟ್ರೇ, ಒಪ್ಕೊಂಡ್ರಾ?"

"ಒಪ್ಕೊಂಡೆ, ಒಪ್ಕೊಂಡೆ" ಎಂದಿತು ಚಾಪೆಯೊಳಗಿನ ದನಿ.

ಅವಳು ಚಾಪೆ ಎತ್ತಿದಳು. ಹತ್ತೊಂಬತ್ತು ಕೆಂಪು ಮುಖಗಳು ಬೆಳಕಿಗೆ ಕಣ್ಣು ಕಿರಿದು ಮಾಡಿದವು. ಫಲಾನಿಕೊನ ಹಣೆಯ ಮೇಲೆ ಹೆಣಿಗೆ ಅಚ್ಚಾಗಿತ್ತು, ಬೆರಳಗಲಕ್ಕೆ ಹದಿನಾಲ್ಕು ಗೆರೆ. ಕ್ಷಮೆ ಸಿಕ್ಕ ಮೇಲೆ ಕದ್ದ ಮಾಲು ಹಿಂದಿರುಗಿಸಬೇಕಲ್ಲ. ಮೇಷ್ಟ್ರು ಶಾಲೆಗೆ ಓಡಿ ಊಟೆಯನ್ನು ತಂದರು. ಫಲಾನಿಕೊ ಏಳು ಗಜವನ್ನೂ ಮಡಿಸಿ, ಎರಡೂ ಕೈಯಲ್ಲಿ ಹಿಡಿದು ಒಪ್ಪಿಸಿದ. ಲೇಪೇಕಾ ಅದರಲ್ಲಿ ಚರ್ಚಿಗೆ ಹಾಕಿಕೊಳ್ಳಲು ಒಂದು ಉಡುಪು ಹೊಲಿಸಿಕೊಂಡಳು. ಬಟ್ಟೆ ಮಿಕ್ಕಿತ್ತು, ಗಂಡನಿಗೂ ಒಂದು ಅಂಗಿ ಆಯಿತು.

ಸಭೆಯಲ್ಲಿ ನಡೆದದ್ದನ್ನು ಎಸೇತಾ ಹೊರಗೆ ಹುಲ್ಲಿನ ಮೇಲೆ ಕೂತು ಕೇಳಿದಳು. ಈ ವರ್ಷ ಬೇಡವೆಂದಿದ್ದ ಕಂಬದ ಮಾತನ್ನು ವಾಲೂಸಾನೇ ಎತ್ತಿದ. ಅವನ ತಮ್ಮ ಹೇಳಿದ: "ಕದ್ದದ್ದು ನಿಜ ಅಂದ್ರೆ ಅವನು ಕಳ್ಳ. ಸುಳ್ಳು ಅಂದ್ರೆ, ಸುಳ್ಳಿಗೆ ಚಾಪೆ ಹೊದ್ದೋನು, ಹುಚ್ಚ. ಎರಡರಲ್ಲಿ ಯಾವುದಕ್ಕಣ್ಣಾ ಪಟ್ಟ?"

ವಾಲೂಸಾ ಗಂಟಲು ಸರಿಮಾಡಿಕೊಂಡ. "ಅವನು ಒಬ್ಬನೇ ಹೋಗಿ ಕೂತ. ಕರೀದೇನೇ ಹದಿನೆಂಟು ಜನ ಬಂದು ತಲೆ ಇಟ್ರು. ನಾನು ಕೂತಿದ್ರೆ ಎಷ್ಟು ಜನ ಬರ್ತಿದ್ರು, ಹೇಳಿ ನೋಡೋಣ."

ಯಾರೂ ಹೇಳಲಿಲ್ಲ. ಅವನು ಕಾದ. ಮತ್ತೂ ಯಾರೂ ಹೇಳಲಿಲ್ಲ. ಕೊನೆಗೆ ಅವನಿಗೇ ಸಿಟ್ಟು ಬಂದು, "ಸಾಕು, ಕೊಟ್ಟುಬಿಡಿ" ಎಂದ.

ಫಲಾನಿಕೊ ಮೂರನೆಯ ಕಂಬಕ್ಕೆ ಬೆನ್ನು ತಾಗಿಸಿ ಕೂತ. ಗೆದ್ದಲಿಗೆ ನೋವಾಗದ ಹಾಗೆ ಮೆಲ್ಲಗೆ ಒರಗಿದ. ಮುಂದಿನ ವರ್ಷ ಲೇಪೇಕಾ ಹುಬ್ಬು ಬರೆದುಕೊಂಡು ಗಂಟಲು ಹರಿಯುವಂತೆ ಕೂಗಿದಳು. ಊರಿಗೆ ಐದನೆಯ ಸ್ಥಾನ ಬಂತು. ಫಲಾನಿಕೊನನ್ನು ಎಷ್ಟು ಕರೆದರೂ ಅವನು ಮತ್ತೆ ರಂಗಕ್ಕೆ ಹೋಗಲಿಲ್ಲ. ಇಪ್ಪತ್ತೆರಡು ವರ್ಷ ಆ ಕಂಬಕ್ಕೆ ಒರಗಿ ಕೂತ, ಹೆಸರು ಹಿಡಿದು ಕರೆಸಿಕೊಂಡ, ಬನ್ನು ಸುಟ್ಟ. ಅವನಿಗೆ ಸಿಟ್ಟು ಬಂದದ್ದನ್ನು ಯಾರೂ ನೋಡಲಿಲ್ಲ. ಸಭೆಯಲ್ಲಿ ಎಲ್ಲರಿಗಿಂತ ಮೊದಲು ನೀರು ಕೇಳಿದ್ದನ್ನೂ ಯಾರೂ ನೋಡಲಿಲ್ಲ.

ಕೊನೆಯ ಕಾಯಿಲೆಯಲ್ಲಿ ಅವನು ಎಸೇತಾಳಿಗೆ ಹೇಳಿಕಳಿಸಿದ. ಮಧ್ಯಾಹ್ನ. ಅವಳು ಕೋಲೂರಿಕೊಂಡು ಹೋಗಿ, ಅವನ ತಲೆಯ ಹತ್ತಿರ ಕೂತು ನೊಣ ಓಡಿಸಿದಳು. ಅವನು ಸಣ್ಣಗಾಗಿದ್ದ. ಮಗಳು ತಂದಿಟ್ಟ ಎಳನೀರು ಹಾಗೇ ಇತ್ತು. ಅವನು ಸಿಲಿವಾಳನ್ನು ಹೊರಗೆ ಕಳಿಸಿ, ಯಾರೂ ಇಲ್ಲವೆಂದು ಎರಡೂ ಕಡೆ ನೋಡಿದ.

"ಅಕ್ಕಾ, ಕಂಬ ಸಿಕ್ಕಿದ್ದು ನೀರು ಕೊಡದೆ ಇದ್ದದ್ದಕ್ಕೆ. ಅದು ನನಗೆ ಗೊತ್ತು. ಆದ್ರೆ ನೀವು ಅಳತೆ ತಿಳಿದೋರು, ನಿಜ ಹೇಳಿ. ಆಟದ ಮುದುಕಿಗೆ ಒಂದೇ ಒಂದು ಚಿಪ್ಪು ನೀರು ಕೊಟ್ಟಿದ್ರೆ ಆಟ ಕೆಡ್ತಿತ್ತಾ?"